ಕುಡಿತಕ್ಕೆ ಸಿಕ್ಕ ಸೀನಿಯರ್‌ಗೆ ಸಹಾಯ ಮಾಡಲು ಹೋದರೆ ಕೇಸ್ ನನ್ನ ಮೇಲೇ ಬೀಳುತ್ತಾ?

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಮೂರು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿರುವ ವಕೀಲೆ. ನನ್ನ ಸೀನಿಯರ್‌ಗೆ 54 ವರ್ಷ. ಸಿವಿಲ್ ಕಡೆ ಒಳ್ಳೆಯ ಹೆಸರಿದೆ. ಒಂದೂವರೆ ವರ್ಷದಿಂದ ಅವರ ಕುಡಿತ ಬೆಳಿಗ್ಗೆಯೇ ಶುರುವಾಗುತ್ತಿದೆ. ಕೇಸ್ ಕರೆದಾಗ ಇರುವುದಿಲ್ಲ. "ಸರ್‌ಗೆ ಜ್ವರ" ಅಂತ ನಾನೇ ವಾಯಿದೆ (ಮುಂದಿನ ದಿನಾಂಕ) ಕೇಳುತ್ತೇನೆ. ಒಮ್ಮೆ ಅವರ ಹೆಸರಲ್ಲಿ ಕೋರ್ಟಿಗೆ ಕೊಡುವ ಮೆಮೊಗೆ ಸಹಿಯನ್ನೂ ಹಾಕಿದೆ. 17 ದಿನದ ಹಿಂದೆ ಒಬ್ಬ ಅಜ್ಜಿಯ ಪಾಲು ದಾವೆ ವಜಾ ಆಯಿತು. ನಾನು ಆಗ ಬೇರೆ ಕೋರ್ಟ್ ಹಾಲ್‌ನಲ್ಲಿದ್ದೆ. ವಕಾಲತ್ತಿನಲ್ಲಿ (ಕೇಸ್ ನಡೆಸಲು ಕಕ್ಷಿದಾರರು ಕೊಡುವ ಅಧಿಕಾರಪತ್ರದಲ್ಲಿ) ನನ್ನ ಹೆಸರೂ ಇದೆ. ಸರ್ ಅವರ ಮನೆಯವರಿಗೆ ಅಥವಾ ವಕೀಲರ ಸಂಘದ ಅಧ್ಯಕ್ಷರಿಗೆ ಹೇಳೋಣ ಅಂದರೆ, "ಮಾನನಷ್ಟ ಕೇಸ್ ಹಾಕಿಸಿಕೊಳ್ಳುತ್ತೀಯ, ನಿನ್ನ ಸನ್ನದಿಗೇ (ವಕೀಲಿ ಲೈಸೆನ್ಸಿಗೇ) ಕುತ್ತು" ಅಂತ ಜೊತೆಯವರು ಹೆದರಿಸುತ್ತಿದ್ದಾರೆ. ಸಹಾಯ ಮಾಡುವವರಿಗೆ ಕಾನೂನಿನ ರಕ್ಷಣೆ ಏನೂ ಇಲ್ಲವೇ? (ಹೆಸರು, ಊರು ಬೇಡ)

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಆ ಅಜ್ಜಿಯ ದಾವೆ.

ವಾದಿ ಗೈರಾಗಿ, ಪ್ರತಿವಾದಿ ಹಾಜರಿದ್ದು ದಾವೆ ವಜಾ ಆಗಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 9, ನಿಯಮ 9ರಲ್ಲಿ ಅರ್ಜಿ ಹಾಕಬೇಕು. ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ 122ನೇ ವಿಧಿ ಕೊಡುವುದು ವಜಾ ಆದ ದಿನದಿಂದ 30 ದಿನ. 17 ಕಳೆದಿದೆ, 13 ಉಳಿದಿದೆ. ತಡವಾದರೆ ಅದೇ ಕಾಯ್ದೆಯ ಸೆಕ್ಷನ್ 5ರಲ್ಲಿ ವಿಳಂಬ ಮನ್ನಿಸಿ ಅಂತ ಕೇಳಬಹುದು ನಿಜ. ಆದರೆ ದಿನ ಕೈಯಲ್ಲಿರುವಾಗ ಆ ದಾರಿ ಯಾಕೆ? ಅಜ್ಜಿಯನ್ನು ಕರೆಸಿ, ಅವರಿಂದಲೇ ಅಫಿಡವಿಟ್ ಮಾಡಿಸಿ. ಅದರಲ್ಲಿ ಕುಡಿತದ ವಿಷಯ ಬರೆಯಬೇಕಿಲ್ಲ, ಜ್ವರ ಅಂತ ಸುಳ್ಳೂ ಬರೆಯಬೇಕಿಲ್ಲ. "ಕೇಸ್ ಕರೆದಾಗ ನನ್ನ ವಕೀಲರು ಹಾಜರಾಗಲಿಲ್ಲ, ಅದರಲ್ಲಿ ನನ್ನ ತಪ್ಪು ಇಲ್ಲ" ಅಂದರೆ ಅದು ನಿಜ, ಅಷ್ಟು ಸಾಕು. ವಕೀಲರ ಗೈರಿಗೆ ಏನೂ ಅರಿಯದ ಪಾರ್ಟಿ (ಕಕ್ಷಿದಾರ) ಬಲಿಯಾಗಬಾರದು ಅಂತ ಸುಪ್ರೀಂ ಕೋರ್ಟ್ 1981ರಲ್ಲೇ ರಫೀಕ್ ವಿರುದ್ಧ ಮುನ್ಷಿಲಾಲ್ ಕೇಸಿನಲ್ಲಿ ಹೇಳಿದೆ. ಅದನ್ನು ತೋರಿಸಿ.

ಈಗ ನಿಮ್ಮ ಭಯಕ್ಕೆ ಬರೋಣ. ಬಾಯಿ ಬಿಟ್ಟರೆ ನಿಮಗೆ ತೊಂದರೆ, ಬಿಡದಿದ್ದರೆ ಪಾರ್ಟಿಗಳಿಗೆ ಮತ್ತು ಸೀನಿಯರ್‌ಗೇ ತೊಂದರೆ. ಈ ಇಕ್ಕಟ್ಟು ನನಗೆ ಗೊತ್ತು. ನಾನು ಜೂನಿಯರ್ ಆಗಿದ್ದ ಆಫೀಸಿನಲ್ಲೂ ಹೀಗೇ ಇತ್ತು. ನಮ್ಮ ಸರ್ ಬೆಳಿಗ್ಗೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಆದರೂ ಟೀ ತಟ್ಟೆಗೆ ಚೆಲ್ಲುತ್ತಿತ್ತು. ಗುಮಾಸ್ತರು ಮಾತಾಡದೆ ತಟ್ಟೆ ಒರೆಸುತ್ತಿದ್ದರು. ಹನ್ನೊಂದು ಗಂಟೆ ಹೊತ್ತಿಗೆ ಕೈ ನಿಲ್ಲುತ್ತಿತ್ತು, ಮಾತು ನಿಚ್ಚಳ ಆಗುತ್ತಿತ್ತು. "ನೋಡು, ಸರ್ ಈಗ ಸರಿಯಾದ್ರು" ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಚೇಂಬರ್ ಬಾಗಿಲು ಹಾಕಿಕೊಂಡು ಕುಡಿದಿದ್ದರಿಂದ ಕೈ ನಿಂತಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಒಬ್ಬ ಡಾಕ್ಟರು ಬಿಡಿಸಿ ಹೇಳಿದಾಗ. ನಾವೆಲ್ಲ ಗೌರವದಿಂದಲೇ ಸುಮ್ಮನಿದ್ದೆವು. ಆ ಗೌರವ ಅವರಿಗೆ ಒಂದಿಷ್ಟೂ ಉಪಕಾರ ಮಾಡಲಿಲ್ಲ.

ವಕೀಲರಲ್ಲಿ ಇದು ಜಾಸ್ತಿ ಯಾಕೆ ಅಂತ ಕೇಳುವವರಿದ್ದಾರೆ. ಅಮೆರಿಕದಲ್ಲಿ ಸುಮಾರು 12,800 ವಕೀಲರನ್ನು ಕೇಳಿ ಮಾಡಿದ 2016ರ ಅಧ್ಯಯನದಲ್ಲಿ ಐದರಲ್ಲಿ ಒಬ್ಬರ ಕುಡಿತ ಅಪಾಯದ ಮಟ್ಟದಲ್ಲಿತ್ತು. ಖಿನ್ನತೆಯ ಲಕ್ಷಣ ಇದ್ದವರು ಶೇ. 28. ನಮ್ಮ ಊರುಗಳ ಬಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಒಂಟಿ ವಕೀಲರ ಆಫೀಸಿಗೆ ರಜೆ ಅನ್ನುವುದೇ ಇಲ್ಲ. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದರೆ ಕೇಸಿನ ಕಟ್ಟುಗಳು ಬೇರೆ ಆಫೀಸಿಗೆ ಹೋಗುತ್ತವೆ. ಫೀಸು ಬಂದಾಗ ಬಂತು, ಇಲ್ಲದಾಗ ಇಲ್ಲ. ದಿನವಿಡೀ ಬೇರೆಯವರ ಜಗಳವನ್ನು ತಲೆ ಮೇಲೆ ಹೊತ್ತು, ಸಂಜೆ ಅದನ್ನು ಇಳಿಸಲು ಒಂದು ಗ್ಲಾಸು. ಇದೆಲ್ಲದರ ಮೇಲೆ, ವಕೀಲನ ಬಂಡವಾಳ ಅಂದರೆ ಅವನ ಹೆಸರು. "ನನಗೆ ಆಗುತ್ತಿಲ್ಲ" ಅಂತ ಒಮ್ಮೆ ಹೇಳಿದರೆ ಆ ಬಂಡವಾಳ ಹೋಯಿತು ಅಂತ ಅವರು ಅಂದುಕೊಂಡಿರುತ್ತಾರೆ. ನಿಮ್ಮ ಸೀನಿಯರ್ ನಿಮ್ಮ ಹತ್ತಿರ ಬಚ್ಚಿಡುತ್ತಿರುವುದು ಬಾಟಲಿಗಿಂತ ಹೆಚ್ಚಾಗಿ ಈ ಹೆದರಿಕೆಯನ್ನು.

ಜೊತೆಯವರು ಹೇಳಿದ ಮಾತುಗಳಲ್ಲಿ ಎಷ್ಟು ನಿಜ? "ಸನ್ನದಿಗೆ ಕುತ್ತು" ಅನ್ನುವುದು ತಪ್ಪು. ಸೀನಿಯರ್ ಚಿಕಿತ್ಸೆ ಪಡೆದರೆ ಅವರ ಸನ್ನದಿಗೂ ಏನೂ ಆಗುವುದಿಲ್ಲ, ಚಿಕಿತ್ಸೆ ಕೊಡಿಸಲು ಓಡಾಡಿದ ನಿಮ್ಮ ಸನ್ನದಿಗೂ ಆಗುವುದಿಲ್ಲ. 1961ರ ವಕೀಲರ ಕಾಯ್ದೆಯ ಸೆಕ್ಷನ್ 35 ಇರುವುದು ದುರ್ನಡತೆಗೆ. ಕಾಯಿಲೆ ದುರ್ನಡತೆ ಅಲ್ಲ. ಕಾಯಿಲೆಯಿಂದ ಪಾರ್ಟಿಯ ಕೆಲಸ ಕೆಟ್ಟು, ಅದನ್ನು ಸುಳ್ಳು ಹೇಳಿ ಮುಚ್ಚಿದರೆ ಅದು ದುರ್ನಡತೆಯ ಕಡೆಗೆ ಹೋಗುತ್ತದೆ.

ಇನ್ನು ಕೆಲವರು "ನಮಗೆ ರಕ್ಷಣಾ ಕಾಯ್ದೆ ಬಂದಿದೆಯಲ್ಲ" ಅನ್ನುತ್ತಾರೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾದ ಕಾಯ್ದೆ ವಕೀಲರ ಮೇಲಿನ ಹಲ್ಲೆ ತಡೆಯುವುದಕ್ಕೆ. ನಿಮ್ಮ ಪ್ರಶ್ನೆಗೆ ಅದು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್, ಅಪಘಾತದಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಕಾಯುತ್ತದೆ. ರಸ್ತೆಯಲ್ಲಿ ಬಿದ್ದ ಅಪರಿಚಿತನನ್ನು ಎತ್ತಿದರೆ ಕಾನೂನು ನಿಮ್ಮ ಬೆನ್ನಿಗಿದೆ. ಚೇಂಬರಿನಲ್ಲಿ ಬೀಳುತ್ತಿರುವ ಸೀನಿಯರ್‌ನನ್ನು ಹಿಡಿದರೆ ಅಂಥ ಒಂದು ಸೆಕ್ಷನ್ ನಮ್ಮಲ್ಲಿ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಬೇರೆ ಕಡೆ ಇದೆ. ನ್ಯೂಯಾರ್ಕ್ ರಾಜ್ಯದ ಜುಡಿಷಿಯರಿ ಕಾನೂನಿನ ಸೆಕ್ಷನ್ 499 ನೋಡಿ. ಅಲ್ಲಿ ವಕೀಲರ ಸಂಘಗಳು ಸಹಾಯ ಸಮಿತಿಗಳನ್ನು ನಡೆಸುತ್ತವೆ. ತೊಂದರೆಯಲ್ಲಿರುವ ವಕೀಲರ ಬಗ್ಗೆ ಆ ಸಮಿತಿಗೆ ಸದುದ್ದೇಶದಿಂದ ತಿಳಿಸಿದವರ ಮೇಲೆ, ಸಮಿತಿಯ ಕೆಲಸದಲ್ಲಿ ಕೈಜೋಡಿಸಿದವರ ಮೇಲೆ ಸಿವಿಲ್ ಹೊಣೆ ಹೊರಿಸುವಂತಿಲ್ಲ. ಅಲ್ಲಿ ಆಡಿದ ಮಾತು, ವಕೀಲ ಮತ್ತು ಪಾರ್ಟಿ ನಡುವಿನ ಮಾತಿನಷ್ಟೇ ಗುಟ್ಟು. ನನಗೆ ಬಹಳ ಮುಖ್ಯ ಅನಿಸುವುದು ಇನ್ನೊಂದು ಮಾತು: ತಿಳಿಸಿದವರಿಗೆ ಸದುದ್ದೇಶ ಇತ್ತು ಅಂತಲೇ ಕೋರ್ಟ್ ಶುರುವಿನಲ್ಲಿ ಒಪ್ಪಿಕೊಳ್ಳುತ್ತದೆ. ಇರಲಿಲ್ಲ ಅಂತ ತೋರಿಸಬೇಕಾದವರು ಕೇಸ್ ಹಾಕಿದವರು. ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಮಾದರಿ ನಿಯಮ 8.3 ಇನ್ನೊಬ್ಬ ವಕೀಲರ ಗಂಭೀರ ತಪ್ಪನ್ನು ವರದಿ ಮಾಡಲೇಬೇಕು ಅನ್ನುತ್ತದೆ. ಆದರೆ ಸಹಾಯ ಸಮಿತಿಯಲ್ಲಿ ಕೆಲಸ ಮಾಡುವಾಗ ತಿಳಿದ ವಿಷಯಕ್ಕೆ ಆ ಕಡ್ಡಾಯ ಇಲ್ಲ. ಹಾಗಿದ್ದರೆ ಮಾತ್ರ ಕುಡಿಯುವವರು ಬಾಯಿ ಬಿಡುತ್ತಾರೆ, ಅಲ್ವಾ?

ನಮ್ಮಲ್ಲಿ ಇರುವುದು ಮಾನನಷ್ಟ ಕಾನೂನಿನ ಒಳಗಿನ ವಿನಾಯಿತಿಗಳು. 2024ರ ಜುಲೈ 1ರಿಂದ ಹಳೆಯ ಐಪಿಸಿ 499ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356 ಬಂದಿದೆ. ವಿನಾಯಿತಿಗಳು ಹಾಗೇ ಉಳಿದಿವೆ. ನಿಮಗೆ ಮೂರು ಬೇಕಾಗುತ್ತವೆ. ಎಂಟನೆಯದು, ಆ ವಿಷಯದಲ್ಲಿ ಅಧಿಕಾರ ಇರುವವರಿಗೆ ಸದ್ಭಾವನೆಯಿಂದ ದೂರು ಕೊಡುವುದು. ಒಂಬತ್ತನೆಯದು, ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಸದ್ಭಾವನೆಯಿಂದ ಹೇಳುವುದು. ಹತ್ತನೆಯದು, ಕೇಳುವವರ ಒಳಿತಿಗಾಗಿ ಎಚ್ಚರಿಕೆ ಕೊಡುವುದು. ಮನೆಯವರಿಗೆ ಹೇಳಿದರೆ ಒಂಬತ್ತನೆಯದು ನಿಲ್ಲುತ್ತದೆ. ವಕೀಲರ ಶಿಸ್ತು ನೋಡುವ ರಾಜ್ಯ ಬಾರ್ ಕೌನ್ಸಿಲ್‌ಗೆ ಬರೆದರೆ ಎಂಟನೆಯದು. ನಿಮ್ಮ ಊರಿನ ಸಂಘದ ಅಧ್ಯಕ್ಷರಿಗೆ ಶಿಸ್ತಿನ ಅಧಿಕಾರ ಇದೆಯೋ ಇಲ್ಲವೋ ಅಂತ ವಾದ ಮಾಡಬಹುದು. ಹಾಗಾಗಿ ಅಲ್ಲಿಯೂ ಒಂಬತ್ತನೆಯದನ್ನೇ ನೆಚ್ಚಿಕೊಳ್ಳಿ. ಸೀನಿಯರ್‌ಗೇ, ಇಬ್ಬರೇ ಇದ್ದಾಗ, ಮುಖಾಮುಖಿ ಹೇಳಿದರೆ ಮಾನನಷ್ಟದ ಪ್ರಶ್ನೆಯೇ ಇಲ್ಲ. ಮೂರನೆಯವರ ಕಿವಿಗೆ ಬಿದ್ದರೆ ಮಾತ್ರ ಅದು ಮಾನನಷ್ಟ.

ಆದರೆ ನ್ಯೂಯಾರ್ಕ್‌ಗೂ ನಮಗೂ ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ವಿನಾಯಿತಿ ನನಗೆ ಸಲ್ಲುತ್ತದೆ ಅಂತ ತೋರಿಸುವ ಹೊಣೆ ಆರೋಪಿಯದು. ಅಂದರೆ ನಿಮ್ಮದು. ಜೊತೆಗೆ, ಕ್ರಿಮಿನಲ್ ಕಾನೂನಿನಲ್ಲಿ ಸದ್ಭಾವನೆ ಅಂದರೆ ಬರೀ ಒಳ್ಳೆಯ ಮನಸ್ಸು ಅಲ್ಲ. ಸರಿಯಾದ ಎಚ್ಚರ ಮತ್ತು ಗಮನ ಇಟ್ಟು ಮಾಡದ್ದು ಸದ್ಭಾವನೆಯೇ ಅಲ್ಲ ಅನ್ನುತ್ತದೆ ಸಂಹಿತೆ. "ಅವರ ಒಳ್ಳೆಯದಕ್ಕೇ ಹೇಳಿದೆ" ಅಂದರೆ ಸಾಲದು. "ನೋಡಿ, ವಿಚಾರಿಸಿ, ಯಾರಿಗೆ ಹೇಳಬೇಕೋ ಅವರಿಗಷ್ಟೇ ಹೇಳಿದೆ" ಅಂತ ತೋರಿಸಬೇಕು.

ಅದಕ್ಕೆ ನನ್ನ ಸಲಹೆ ಒಂದು ನೋಟ್‌ಬುಕ್. ಕೇಸ್ ಡೈರಿಯಲ್ಲಿ ಬೇಡ, ಬೇರೆ ಇಡಿ, ಆಫೀಸಿನಲ್ಲಿ ಇಡಬೇಡಿ. ಕಣ್ಣಿಗೆ ಕಂಡದ್ದನ್ನು ಅದೇ ದಿನ ಬರೆಯಿರಿ. "ಸರ್ ಕುಡುಕರಾಗಿದ್ದಾರೆ" ಅಂತ ಬರೆಯಬೇಡಿ, ಅದು ನಿಮ್ಮ ತೀರ್ಮಾನ. "ಬೆಳಿಗ್ಗೆ 10.40, ಚೇಂಬರಿನಲ್ಲಿ ಮದ್ಯದ ವಾಸನೆ, ಮಾತು ತೊದಲುತ್ತಿತ್ತು, 11.15ಕ್ಕೆ ಕೇಸ್ ಕರೆದಾಗ ಹಾಜರಿಲ್ಲ" ಅಂತ ಬರೆಯಿರಿ. ಕದ್ದು ವಿಡಿಯೊ ಮಾಡಬೇಡಿ. ಫೋಟೊ ತೆಗೆಯಬೇಡಿ. ಪಾರ್ಟಿಯ ಕೇಸಿನ ಒಳವಿಷಯ ಬರೆಯಬೇಡಿ, ಕೇಸ್ ನಂಬರ್ ಸಾಕು. ಪಾರ್ಟಿ ನಂಬಿ ಹೇಳಿದ್ದನ್ನು ಹೊರಗೆ ಬಿಡುವ ಹಕ್ಕು ನಿಮಗೂ ಇಲ್ಲ, ನಿಮ್ಮ ಸೀನಿಯರ್‌ಗೂ ಇಲ್ಲ.

ಯಾವ ವಿನಾಯಿತಿಯೂ ಕಾಪಾಡದ ಎರಡು ಜಾಗಗಳಿವೆ: ವಕೀಲರ ಸಂಘದ ಕ್ಯಾಂಟೀನು ಮತ್ತು ವಾಟ್ಸಾಪ್ ಗುಂಪು. ನಾನು ಕಂಡ ಇಂಥ ಗಲಾಟೆಗಳು ಹೆಚ್ಚಿನವು ಅಲ್ಲಿಂದಲೇ ಹುಟ್ಟಿದವು. ಬಂದ ಮಾತನ್ನು ಫಾರ್ವರ್ಡ್ ಮಾಡುವುದೂ ಪ್ರಕಟಣೆಯೇ.

ಅಷ್ಟಾಗಿಯೂ ಅವರು ಕೇಸ್ ಹಾಕಿದರೆ? ಕ್ರಿಮಿನಲ್ ಆದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 223ರ ಪ್ರಕಾರ, ದೂರನ್ನು ಕೈಗೆತ್ತಿಕೊಳ್ಳುವ ಮೊದಲೇ ನಿಮ್ಮ ಮಾತು ಕೇಳಬೇಕು. ಹಳೆಯ ಸಿಆರ್‌ಪಿಸಿಯಲ್ಲಿ (ಈ ಸಂಹಿತೆಗೆ ಮೊದಲಿದ್ದ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಲ್ಲಿ) ಈ ಅವಕಾಶ ಇರಲಿಲ್ಲ. ಆ ಹಂತದಲ್ಲಿ ನಿಮ್ಮ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ. ಸಿವಿಲ್ ಪರಿಹಾರದ ದಾವೆಯಾದರೆ ಅವರಿಗೆ ಇರುವುದು ಒಂದೇ ವರ್ಷದ ಗಡುವು. ಕೇಸ್ ಬರುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ನೆಟ್ಟಗೆ ನಡೆದುಕೊಂಡರೆ ನಿಲ್ಲುವುದು ಕಷ್ಟ ಅಂತ ಹೇಳಬಲ್ಲೆ.

ನಿಜವಾದ ಅಪಾಯ ನೀವು ಹೆದರುತ್ತಿರುವ ಕಡೆ ಇಲ್ಲ, ಆ ಮೆಮೊ ಸಹಿಯಲ್ಲಿದೆ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ವಕಾಲತ್ತಿನಲ್ಲಿ ನಿಮ್ಮ ಹೆಸರಿದ್ದ ಕೇಸಾಗಿದ್ದರೆ ನಿಮ್ಮ ಸಹಿಯೇ ಸಾಕಿತ್ತು. ಇನ್ನೊಬ್ಬರ ಹೆಸರಲ್ಲಿ ಸಹಿ ಹಾಕಿದರೆ ಅದು ಫೋರ್ಜರಿ ಆಗುತ್ತದೆಯೋ ಇಲ್ಲವೋ ಎನ್ನುವುದು ಉದ್ದೇಶದ ಮೇಲೆ ನಿಂತಿದೆ. ಆದರೆ ಶಿಸ್ತು ಸಮಿತಿ ಮುಂದೆ ಉತ್ತರ ಕೊಡುವುದು ಕಷ್ಟ. "ಸರ್‌ಗೆ ಜ್ವರ" ಕೂಡ ಹಾಗೇ. ಕೋರ್ಟಿಗೆ ಹೇಳಿದ ಸುಳ್ಳನ್ನು ಯಾವ ದೇಶದ ರಕ್ಷಣಾ ಕಾನೂನೂ ಕಾಯುವುದಿಲ್ಲ. ನ್ಯೂಯಾರ್ಕಿನ 499 ಕೂಡ ಕಾಯುವುದು ಸಹಾಯಕ್ಕೆ ನಿಂತವರನ್ನು, ಮುಚ್ಚಿಟ್ಟವರನ್ನಲ್ಲ. ನಾಳೆಯಿಂದ ಇವೆರಡೂ ನಿಲ್ಲಲಿ. "ಸೀನಿಯರ್ ಇವತ್ತು ಹಾಜರಾಗಲು ಆಗುತ್ತಿಲ್ಲ, ಪಾಸೋವರ್ ಕೊಡಿ (ಇವತ್ತೇ ಆಮೇಲೆ ಕರೆಯಿರಿ), ಇಲ್ಲ ಕಿರು ವಾಯಿದೆ ಕೊಡಿ" ಅಂದರೆ ಅದು ಸತ್ಯ. ಆ ಮೆಮೊ ವಿಷಯವನ್ನು ನೀವು ನಂಬುವ ಒಬ್ಬ ವಕೀಲರಿಗೆ ಪಾರ್ಟಿಯ ಹಾಗೆ ಕೂತು ಹೇಳಿ, ಸಲಹೆ ಪಡೆಯಿರಿ. ಬೇರೆ ಯಾರಿಗೂ ಹೇಳಬೇಡಿ.

ದಾರಿಗಳು ಯಾವುವು? ನಾನಾದರೆ ಮೊದಲು ಸೀನಿಯರ್ ಹತ್ತಿರವೇ ಹೋಗುತ್ತೇನೆ. ಒಬ್ಬರೇ ಹೋಗಬೇಡಿ, ಅವರ ಓರಗೆಯ, ಅವರು ಬೆಲೆ ಕೊಡುವ ಇನ್ನೊಬ್ಬ ವಕೀಲರನ್ನು ಕರೆದುಕೊಂಡು ಹೋಗಿ. ಅವರ ಕಿವಿಗೂ ಮಾತು ಬೀಳುತ್ತದೆ, ಹಾಗಾಗಿ ಇಲ್ಲಿಯೂ ಒಂಬತ್ತನೆಯ ವಿನಾಯಿತಿಯೇ ಆಸರೆ. ಕುಡಿದಿಲ್ಲದ ಹೊತ್ತು ನೋಡಿ, ಭಾನುವಾರ ಬೆಳಿಗ್ಗೆ, ಅವರ ಮನೆಯಲ್ಲಿ. ಬುದ್ಧಿ ಹೇಳಬೇಡಿ. ಮೂರು ತಾರೀಖು, ಮೂರು ಕೇಸು ಹೇಳಿ. "ಸರ್, ಅಜ್ಜಿ ಅವತ್ತು ಊಟದ ಡಬ್ಬಿ ಬಿಚ್ಚದೆ ಸಂಜೆವರೆಗೂ ಬೆಂಚಿನ ಮೇಲೆ ಕೂತಿದ್ದರು" ಅನ್ನುವಂಥ ಮಾತು ನಾಟುತ್ತದೆ. ಬೈಯಬಹುದು, ಆಫೀಸಿಗೆ ಬರಬೇಡ ಅನ್ನಬಹುದು. ಆ ರಿಸ್ಕ್ ಇದೆ. ಮೂರು ವರ್ಷದ ಜೂನಿಯರ್‌ಗೆ ಅದು ಸಣ್ಣದಲ್ಲ ಅಂತ ನನಗೆ ಗೊತ್ತು.

ಮನೆಯವರಿಗೆ ಹೇಳುವುದು ಎರಡನೆಯದು. ಇಲ್ಲೊಂದು ಕಾನೂನಿನ ವಿಷಯ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಮದ್ಯದಿಂದ ಬರುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಅವರಾಗಿಯೇ ಆಸ್ಪತ್ರೆಗೆ ಸೇರಬಹುದು. ವಿವರ ಗುಟ್ಟಾಗಿರುತ್ತದೆ, ಅದು ಅವರ ಹಕ್ಕು. ಒಲ್ಲೆ ಅಂದವರನ್ನು ಎತ್ತಿಕೊಂಡು ಹೋಗಿ ಸೇರಿಸುವ ಅಧಿಕಾರ ನಿಮಗಾಗಲಿ ಸಂಘಕ್ಕಾಗಲಿ ಇಲ್ಲ. ಸ್ಥಿತಿ ಅಪಾಯಕ್ಕೆ ಬಂದಾಗ ಸೆಕ್ಷನ್ 89ರಲ್ಲಿ ಗರಿಷ್ಠ 30 ದಿನ ಸೇರಿಸಬಹುದು. ಅದಕ್ಕೆ ಅವರ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಅವರು ಬೇರೆ ಯಾರನ್ನೂ ಬರೆದಿಟ್ಟಿಲ್ಲದಿದ್ದರೆ ಮನೆಯವರು. ಹಾಗಾಗಿ ಈ ದಾರಿಯ ಬಾಗಿಲು ನಿಮ್ಮ ಕೈಯಲ್ಲಿಲ್ಲ, ಅವರ ಹೆಂಡತಿಯ ಕೈಯಲ್ಲಿದೆ.

ಮೂರನೆಯದು ಸಂಘದ ಹಿರಿಯರು. ಗುಂಪಿನಲ್ಲಿ ಬೇಡ, ಒಬ್ಬರಿಗೆ. ಬಾಯಿಮಾತು ಸಾಕು. ಬರೆಯುವುದಾದರೆ ಒಂದೇ ಪುಟ, ಮುಚ್ಚಿದ ಲಕೋಟೆ. ಅವರು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಸೀನಿಯರ್ ಆಸ್ಪತ್ರೆಯಲ್ಲಿರುವಷ್ಟು ದಿನ ಅವರ ಕಟ್ಟುಗಳನ್ನು ನಾಲ್ಕು ಆಫೀಸು ಹಂಚಿಕೊಂಡು ನೋಡಿಕೊಳ್ಳುವುದು, ಮುಗಿದ ಮೇಲೆ ಒಂದೂ ಕಡಿಮೆ ಇಲ್ಲದೆ ವಾಪಸು ಕೊಡುವುದು. ಈ ಮಾತು ಸಿಕ್ಕರೆ ಆಸ್ಪತ್ರೆಗೆ ಒಪ್ಪದವರೂ ಒಪ್ಪುತ್ತಾರೆ. ನಮ್ಮ ಸರ್ ಒಪ್ಪಿದ್ದು ಹಾಗೇ. ಬೇರೆಯವರು ಹಾಜರಾಗುವಾಗ ಸೀನಿಯರ್‌ರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಬಾರ್ ಕೌನ್ಸಿಲ್ ನಿಯಮದಂತೆ, ವಕಾಲತ್ತು ಇರುವ ಕೇಸಿಗೆ ಒಪ್ಪಿಗೆ ಇಲ್ಲದೆ ಇಲ್ಲವೇ ಕೋರ್ಟಿನ ಅನುಮತಿ ಇಲ್ಲದೆ ಇನ್ನೊಬ್ಬರು ಬರುವಂತಿಲ್ಲ. ಯಾವ ಪಾರ್ಟಿಯಾದರೂ ಕಟ್ಟು ವಾಪಸು ಕೇಳಿದರೆ ಕೊಟ್ಟುಬಿಡಿ. ಫೀಸು ಬಾಕಿ ಇದೆ ಅಂತ ಕಟ್ಟು ಹಿಡಿದಿಡುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಹೇಳಿದೆ.

ಬಾರ್ ಕೌನ್ಸಿಲ್‌ಗೆ ದೂರು ಕೊನೆಗೆ. ದೂರು ಕೊಡಲೇಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಅಲ್ಲಿ ಸಿಗುವುದು ಎಚ್ಚರಿಕೆ, ಅಮಾನತು, ಹೆಸರು ತೆಗೆಯುವುದು. ಚಿಕಿತ್ಸೆ ಕೊಡಿಸುವ ಮನೆ ಅದಲ್ಲ. ಆದರೆ ಪಾರ್ಟಿಯ ದುಡ್ಡು ಮುಟ್ಟಿದ್ದಾರೆ, ಪರಿಹಾರದ ಚೆಕ್ಕು ತಲುಪಿಲ್ಲ, ಕೋರ್ಟ್ ಫೀ ಕಟ್ಟದೆ ಖರ್ಚಾಗಿದೆ ಅಂತ ಕಂಡರೆ ಅದು ಬೇರೆಯದೇ ವಿಷಯ. ಆಗ ಕಾಯಬೇಡಿ. ಆ ಆಫೀಸಿನಲ್ಲಿ ಇರಬೇಡಿ ಕೂಡ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಾನೂನಿನದ್ದಲ್ಲ, ಡಾಕ್ಟರು ಹೇಳಿಕೊಟ್ಟದ್ದು. ಬೆಳಿಗ್ಗೆಯೇ ಕುಡಿಯುವ ಹಂತಕ್ಕೆ ಬಂದವರ ಬಾಟಲಿ ಕಸಿದು ಬಚ್ಚಿಡಬೇಡಿ. ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ, ಕೂಗಾಟ, ಜ್ವರ ಶುರುವಾಗಬಹುದು, ಜೀವಕ್ಕೇ ಅಪಾಯ ಆಗಬಹುದು. ಬಿಡಿಸುವುದು ಡಾಕ್ಟರ ಕಣ್ಣೆದುರಿಗೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವ್ಯಸನ ಚಿಕಿತ್ಸಾ ವಿಭಾಗ ಇದೆ. ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದಲೂ ಶುರು ಮಾಡಬಹುದು. ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ ಇರುವ ನಂಬರ್ 14446. ಏನು ಹೇಳಬೇಕು ಅಂತ ತೋಚದಿದ್ದರೆ ಮೊದಲು ನೀವೇ ಕರೆ ಮಾಡಿ ಕೇಳಿ. ಸೀನಿಯರ್ ಹೆಸರು ಹೇಳುವ ಅಗತ್ಯ ಇಲ್ಲ.

ಅವರ ಮನೆಯವರನ್ನು ನೀವು "ಅಕ್ಕ" ಅಂತ ಕರೆಯುತ್ತೀರೋ "ಮೇಡಂ" ಅಂತಲೋ ನನಗೆ ಗೊತ್ತಿಲ್ಲ. ಹೇಗೇ ಕರೆಯಿರಿ, ಫೋನಿನಲ್ಲಿ ಬೇಡ, ಹೋಗಿ ಕೂತು ಮಾತಾಡಿ. ನಮ್ಮ ಸರ್ ಮನೆಗೆ ಗುಮಾಸ್ತರು ಕೊನೆಗೂ ಹೋಗಿ ಹೇಳಿದಾಗ ಅಮ್ಮ ಅಳಲಿಲ್ಲ, ಸಿಟ್ಟಾಗಲಿಲ್ಲ. ಒಳಗಿಂದ ಒಂದು ಪ್ಲಾಸ್ಟಿಕ್ ಕವರು ತಂದು ಮುಂದಿಟ್ಟರಂತೆ. ಅದರ ತುಂಬ ಆಸ್ಪತ್ರೆಗಳ ಚೀಟಿ, ಡಾಕ್ಟರ ವಿಳಾಸ, ಪತ್ರಿಕೆಯಿಂದ ಕತ್ತರಿಸಿದ ತುಂಡುಗಳು. "ಆಫೀಸಿನವರು ಯಾರಾದರೂ ಬರ್ತೀರಾ ಅಂತ ಎರಡು ವರ್ಷದಿಂದ ಕಾಯ್ತಿದ್ದೆ" ಅಂದರಂತೆ.